ಡಾಕ್ಟರ ತಲೆಯ ಬೆಳಕು

ನಮ್ಮ ಚಿಕ್ಕಪ್ಪ ಯಾವ ಕೋಣೆಗೆ ಹೋದರೂ ಮೊದಲು ಲೈಟು ಆರಿಸುತ್ತಾರೆ. ಆಸ್ಪತ್ರೆಗಳಲ್ಲಿ ಬೆಳಕಿನಿಂದ ಚಿಕಿತ್ಸೆ ಕೊಡುವ ಮೆಷಿನುಗಳನ್ನು ಅಳೆಯುವುದು ಅವರ ಕೆಲಸ. ಬೆಳಕು ಸಾಲುತ್ತದೆಯೇ, ಮೈ ಸುಟ್ಟೀತೇ, ಕಣ್ಣಿಗೆ ಅಪಾಯವೇ ಎಂದು ನೋಡಬೇಕು. ಬೇರೆ ಬೆಳಕು ಬೆರೆತರೆ ಅಳತೆ ಕೆಡುತ್ತದೆ. ಬಟ್ಟೆಯಿಂದಲೂ ಬೆಳಕು ಪುಟಿಯಬಾರದೆಂದು ಅವರದು ಸದಾ ಕರಿ ಅಂಗಿ. "ಬೆಳಕಿನ ಕೆಲಸದೋರು ಅಂತ ಕಟ್ಕೊಂಡೆ, ಅವತ್ತಿಂದ ಕತ್ತಲಲ್ಲೇ ತಡಕಾಡ್ತಿದೀನಿ" ಎನ್ನುವುದು ಚಿಕ್ಕಮ್ಮನ ದೂರು.

ಅಕ್ಕನ ಮಗು ಹುಟ್ಟಿದ ಮರುದಿನವೇ ಮಾಗಿದ ನಿಂಬೆಯ ಬಣ್ಣಕ್ಕೆ ತಿರುಗಿತು. ಕಾಮಾಲೆ; ನೀಲಿ ದೀಪದ ಕೆಳಗೆ ಮಲಗಿಸಬೇಕು. ಆಸ್ಪತ್ರೆಯಲ್ಲಿದ್ದದ್ದು ಒಂದೇ ದೀಪ, ಅದನ್ನು ಅಳೆಯಲು ಅಂದೇ ಚಿಕ್ಕಪ್ಪ ಬಂದಿದ್ದರು. ಅಳತೆ ಮುಟ್ಟದಿದ್ದರೆ ದೀಪ ಬಂದ್, ಮಗುವನ್ನು ದೂರದ ಊರಿಗೆ ಒಯ್ಯಬೇಕು.

ಖಾಲಿ ತೊಟ್ಟಿಲಲ್ಲಿ ಮೀಟರು ಇಟ್ಟರು. ಮೂವತ್ತು ಬೇಕಿತ್ತು, ಇಪ್ಪತ್ತಾರು ಬಂತು. ಅಕ್ಕನ ಮುಖ ಇಳಿಯಿತು. ಅಷ್ಟರಲ್ಲಿ ಮಕ್ಕಳ ಡಾಕ್ಟರು "ಎಲ್ಲಿ, ನೋಡೋಣ" ಎಂದು ಬಗ್ಗಿದರು. ಅವರ ತಲೆಯಲ್ಲಿ ಔಷಧಿಗೂ ಒಂದು ಕೂದಲಿಲ್ಲ. ಮೀಟರು ಮೂವತ್ತೊಂದಕ್ಕೆ ಏರಿತು.

"ಪಾಸ್!" ಎಂದರು ಡಾಕ್ಟರು.

"ಸರ್, ಸ್ವಲ್ಪ ಹಿಂದೆ ಸರೀರಿ." ಇಪ್ಪತ್ತಾರು. "ಈಗ ಬಗ್ಗಿ." ಮೂವತ್ತೊಂದು.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು. "ಪಾಸಾಗಿರೋದು ಮೆಷಿನ್ ಅಲ್ಲ ಸರ್. ನೀವು."

ನರ್ಸಮ್ಮ ಗೋಡೆಯ ಕಡೆ ತಿರುಗಿ ನಿಂತರು. ಅವರ ಭುಜ ಕುಣಿಯುತ್ತಿತ್ತು.

"ಹಾಗಾದ್ರೆ ಡಾಕ್ಟ್ರೇ, ನೀವು ಇಲ್ಲೇ ಬಗ್ಗಿಕೊಂಡಿರಿ," ಎಂದಳು ಅಕ್ಕ, ನಗದೆ.

"ಎಷ್ಟು ಹೊತ್ತಮ್ಮಾ?"

"ಮಗೂನ ಹಳದಿ ಇಳಿಯೋವರೆಗೆ."

"ನನಗೂ ಸೊಂಟ ಅಂತ ಒಂದಿದೆ!" ನಾಚಿಕೆಯಿಂದ ತಲೆ ಮರೆಸಲು ಡಾಕ್ಟರು ಪಕ್ಕದ ಬಿಳಿ ಬೆಡ್‌ಶೀಟನ್ನು ಮುಸುಕು ಹಾಕಿಕೊಂಡರು. ಮೀಟರು ಮೂವತ್ತಾರಕ್ಕೆ ಹಾರಿತು.

"ನನ್ನ ತಲೆಗಿಂತ ಬೆಡ್‌ಶೀಟೇ ಮೇಲಾ?" ಎಂದಿತು ಮುಸುಕು.

"ಅಗಲ ಜಾಸ್ತಿ ಸರ್," ಎಂದರು ಚಿಕ್ಕಪ್ಪ, ಸಮಾಧಾನ ಮಾಡುವಂತೆ.

ಶೀಟನ್ನು ತೊಟ್ಟಿಲ ಸುತ್ತ ಕಟ್ಟಿದರು. ಗಾಳಿಗೆ ಜಾಗ ಬಿಟ್ಟು, ಒಳಗೆ ಬಿಸಿ ಏರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಚಿಕ್ಕಪ್ಪ ಒಪ್ಪಿದರು: ಹೊಸ ಬಲ್ಬು ಬರುವವರೆಗೆ, ಶೀಟಿನ ಜೊತೆಗೆ ಮಾತ್ರ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಮಗು ಆ ನೀಲಿಯೊಳಗೆ ತಿಳಿನೀರಿನ ತಳದಲ್ಲಿರುವಂತೆ ಮಲಗಿತು.

ಹಳದಿ ಇಳಿಯಿತು. ಮನೆಗೆ ಹೊರಡುವ ದಿನ ಚಿಕ್ಕಪ್ಪನೂ ಬಂದಿದ್ದರು. ಡಾಕ್ಟರು ಪಟ್ಟಿ ಬಿಚ್ಚಿ, ಮಗುವಿನ ಮೂಗನ್ನು ಮೆಲ್ಲಗೆ ಒತ್ತಿ ಬಣ್ಣ ನೋಡಿದರು. ಮಗು ಕಣ್ಣು ತೆರೆಯಿತು. ಮುಖದ ಮೇಲೆಯೇ ಹೊಳೆಯುತ್ತಿದ್ದ ತಲೆಯನ್ನು ಕಂಡು ಮತ್ತೆ ಗಟ್ಟಿಯಾಗಿ ಮುಚ್ಚಿಕೊಂಡಿತು.

"ಸರ್," ಎಂದರು ಚಿಕ್ಕಪ್ಪ ಹಿಂದಿನಿಂದ, "ಸ್ವಲ್ಪ ಹಿಂದೆ ಸರೀರಿ."