ಸವಳು ಮಣ್ಣಿನ ಇಮಾಮ್‌ಬೀ

ಮುಂಗಾರು ಹತ್ತಿರವಾದರೆ ಮಸ್ಕಿಯ ಜನ ಮೋಡಕ್ಕಿಂತ ಮೊದಲು ಇಮಾಮ್‌ಬೀಯ ದಾರಿ ನೋಡುತ್ತಿದ್ದರು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ಊರ ತುಂಬ ಮಣ್ಣು ಹೊದಿಸಿದ ಚಪ್ಪಟೆ ಮಾಳಿಗೆಯ ಮನೆಗಳು. ಉಪ್ಪು ಕೂತು ಬೆಳ್ಳಗಾದ ಸವಳು ಮಣ್ಣನ್ನು ಹಳ್ಳದ ದಂಡೆಯಿಂದ ಅಗೆದು, ಎರಡು ಕತ್ತೆಗಳ ಮೇಲೆ ಹೇರಿಕೊಂಡು ಆಕೆ ಬರುತ್ತಿದ್ದಳು. ಮಾಳಿಗೆಯ ಮೇಲೆ ಹರಡಿ ತುಳಿದರೆ ಆ ಮಣ್ಣು ಮೊದಲ ಮಳೆಗೇ ಬಿಗಿದುಕೊಂಡು ಒಂದು ಹನಿಯನ್ನೂ ಕೆಳಗೆ ಬಿಡುತ್ತಿರಲಿಲ್ಲ. ಉಪ್ಪು ಸಾಕೋ ಬೇಕೋ ಎಂದು ನಾಲಿಗೆಯ ತುದಿಗೆ ಇಟ್ಟು ನೋಡುತ್ತಿದ್ದಳು. “ನಾ ತಿಂದಷ್ಟು ಮಣ್ಣ ಯಾವ ಬಸುರೀನೂ ತಿಂದಿಲ್ಲ” ಎಂದು ತಾನೇ ನಗುತ್ತಿದ್ದಳು.

ನನ್ನ ಅಜ್ಜಿ ಪಾರ್ವತೆಮ್ಮ ಆಗ ಇಪ್ಪತ್ತೊಂದರ ಸೊಸೆ, ಏಳು ತಿಂಗಳ ಬಸುರಿ. ಅದಕ್ಕೂ ಮೊದಲು ಎರಡು ಕೂಸುಗಳು ಹುಟ್ಟಿ, ಮಳೆಗಾಲದಲ್ಲಿ ಕೆಮ್ಮು ಹತ್ತಿ, ಮೂರು ತಿಂಗಳೂ ತುಂಬದೆ ಹೋಗಿದ್ದವು. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಹಾಗಾಗಿ ಎರಡು ಹೆರಿಗೆಯೂ, ಬಾಣಂತನವೂ ಗಂಡನ ಮನೆಯ ಒಳಕೋಣೆಯಲ್ಲೇ ಆಗಿದ್ದವು. ಆ ಕೋಣೆಯ ಗೋಡೆ ಮೊಣಕಾಲೆತ್ತರದವರೆಗೆ ಸದಾ ಹಸಿ. ಮಡಿಸಿಟ್ಟ ಕೌದಿಗಳಿಗೆ ಬೂಷ್ಟು. ಅಜ್ಜಿಯ ಮದುವೆಯ ಸೀರೆ ಸಂದೂಕಿನ ತಳಕ್ಕೆ ಅಂಟಿ, ಎತ್ತಿದರೆ ಹರಿದು ಬಂದಿತ್ತು. ಮಾಳಿಗೆಯೇನೂ ಸೋರುತ್ತಿರಲಿಲ್ಲ. ನೀರು ಎಲ್ಲಿಂದ ಬರುತ್ತದೆಂದು ತಿಳಿಯದೆ ಅತ್ತೆ ಜೋಗಮ್ಮ, ಇದು ಯಾರದೋ ಕೆಟ್ಟ ಕಣ್ಣು ಎಂದು ನಂಬಿದ್ದಳು.

ಆ ವರ್ಷ ಇಮಾಮ್‌ಬೀ ಮಾಳಿಗೆಯ ಕೆಲಸ ಮುಗಿಸಿ ಇಳಿದಾಗ ಅಜ್ಜಿ ಅಂಗಳದಲ್ಲಿ ಕೌದಿಗಳನ್ನು ಬಿಸಿಲಿಗೆ ಹಾಕುತ್ತಿದ್ದಳು. ಇಮಾಮ್‌ಬೀ ಒಂದನ್ನು ಮೂಸಿ ನೋಡಿ, ಯಾವ ಕೋಣೆಯದೆಂದು ಕೇಳಿ, ಒಳಗೆ ಹೋದಳು. ಗೋಡೆಯನ್ನು ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟಳು. ಆಕೆಯ ಮುಖದ ನಗು ಹೋಯಿತು.

“ಈ ಮಣ್ಣ ಯಾರು ಮೆತ್ಯಾರ?”

“ನಮ್ಮ ಗ್ಯಾನಪ್ಪ” ಎಂದಳು ಜೋಗಮ್ಮ. ಗ್ಯಾನಪ್ಪ ಆಕೆಯ ಮಗ, ನನ್ನ ಅಜ್ಜ. “ನಾಕು ವರ್ಷ ಆತು. ನೀ ಉಳಿಸಿ ಹೋಗಿದ್ದ ಮಣ್ಣ. ಮ್ಯಾಲಿನ ಮಳೀನs ತಡೀತೈತಿ, ಗ್ವಾಡಿಗೂ ಇರಲಿ ಅಂತ ಗ್ವಾಡಿಗೂ ನೆಲಕ್ಕೂ ಬಡದಾನ.”

“ಯವ್ವಾ, ಮಳಿಗಾಲದಾಗ ಉಪ್ಪಿನ ಗಡಗಿ ಹೆಂಗ ಬೆವರತೈತಿ, ನೋಡಿಲ್ಲೇನು? ಮಾಳಗಿ ಮ್ಯಾಲ ನೀರು ಜಾರಿ ಹೋಕ್ಕತಿ, ಬಿಸಲು ಬೀಳತೈತಿ. ಕತ್ತಲ್ಯಾಗ ಮೆತ್ತಿದರ ನೆಲದಾಗಿನ ನೀರೆಲ್ಲ ಕುಡಕೊಂಡು ಕುಂದರತೈತಿ. ಕೂಸಿನ ಬೆನ್ನಿಗಿ ನೀರಿನ ಗ್ವಾಡಿ ಕಟ್ಟೀರಿ ನೀವು.” ಕೆರೆದ ಉಗುರನ್ನು ಸೆರಗಿಗೆ ಒರೆಸಿಕೊಂಡು ಹೇಳಿದಳು: “ಉಳಿದದ್ದು ಇಟಗೋರಿ ಅಂದಾಕೀನೂ ನಾನs. ಎಲ್ಲಾ ಕೆರದು ತೆಗೀಬೇಕು. ನೆಲ ಒಂದು ಮೊಳ ಅಗದು ಹೊರಗ ಒಗೀಬೇಕು.”

“ಬಾಯಿ ಮುಚ್ಚಬೇ! ಬಸುರಿ ಇದ್ದ ಮನ್ಯಾಗ ಗ್ವಾಡಿ ಮುಟ್ಟತಾರೇನ? ನೆಲ ಅಗೀತಾರೇನ?”

ನಮ್ಮಲ್ಲಿ ಬಸುರಿಯಿದ್ದ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಲೂ ಹೆದರುತ್ತಾರೆ. ಹೆರಿಗೆಯಾಗಲೆಂದು ಕಾದರೆ ಈ ಕೂಸೂ ಅದೇ ಗೋಡೆಯ ಪಕ್ಕದಲ್ಲಿ, ಅದೇ ಮಳೆಯಲ್ಲಿ ಮಲಗಬೇಕು.

“ಬಸುರೀನ ಮನ್ಯಾಗ ಇರಲಿಲ್ಲಂದ್ರ?” ಎಂದಳು ಇಮಾಮ್‌ಬೀ.

“ಎಲ್ಲಿಗಿ ಹೋಗತಾಳ? ತವರ ಎಲ್ಲೈತಿ ಆಕೀಗಿ?”

“ನನ್ನ ಮನಿ ದಿಬ್ಬದ ಮ್ಯಾಲ ಐತಿ. ಒಣಾ ನೆಲ. ಒಲಿ ಬ್ಯಾರೆ ಹೂಡಿ ಕೊಡತೀನಿ, ತಾನs ಬೇಯಿಸಿಕೊಳ್ಳಲಿ. ನನ್ನ ಕೈಯಾಗಿಂದು ಉಣ್ಣೂದು ಬ್ಯಾಡ. ನನಗೂ ಹೆಣ್ಮಕ್ಕಳಿಲ್ಲ.”

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಗ್ಯಾನಪ್ಪ ತಲೆ ಎತ್ತಲಿಲ್ಲ. ಅತ್ತೆಗೆ ಎಂದೂ ಎದುರು ಮಾತಾಡದ ಅಜ್ಜಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ಅತ್ತೀ, ನಾ ಹೋಗತೀನ್ರಿ” ಎಂದಳು.

ಜೋಗಮ್ಮ ಸೊಸೆಯ ಮುಖವನ್ನೇ ನೋಡಿದಳು. “ಹೋಗಂತಿ ನಿಂದರು. ತವರಿಗಿ ಹೋಗಾಕಿ ಬರೇ ಉಡೀಲೆ ಹೋಗತಾಳೇನ?” ಎಂದು ಗೊಣಗುತ್ತಲೇ ಅಕ್ಕಿ, ಬೆಲ್ಲ, ರವಿಕೆಗೆ ಕುಬಸದ ಕಣ ತಂದು ಉಡಿ ತುಂಬಿದಳು.

ನಲವತ್ತು ದಿನ ಅಜ್ಜಿ ದಿಬ್ಬದ ಮೇಲಿದ್ದಳು. ಇತ್ತ ಗ್ಯಾನಪ್ಪನೂ ಇಮಾಮ್‌ಬೀಯೂ ಗೋಡೆಯನ್ನು ಕಲ್ಲು ಕಾಣುವವರೆಗೆ ಕೆರೆದರು. ನೆಲ ಅಗೆದು, ಹಳ್ಳದ ಉಸುಕು ತುಂಬಿದರು. ಕೆಂಪು ಮಣ್ಣಿಗೆ ಹೊಟ್ಟು ಕಲಸಿ ಹೊಸದಾಗಿ ಮೆತ್ತಿದರು. ಮೂಡಣಕ್ಕೆ ಒಂದು ಬೆಳಕಿಂಡಿ ಬಿಟ್ಟರು. ಮಣ್ಣು ಹಾಕಲು ಆಕೆಗೆ ಕಾದಿದ್ದ ಬೇರೆ ಮನೆಯವರು ಸಿಟ್ಟಾದರು. “ಸೋರಿದರ ಬೋಗಾಣಿ ಇಡ್ರಿ” ಎಂದು ಕಳಿಸಿದಳಂತೆ.

ಅಜ್ಜಿ ಮನೆಗೆ ಮರಳಿದಳು. ಶ್ರಾವಣದಲ್ಲಿ ಅದೇ ಒಳಕೋಣೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಅದೇ ನನ್ನ ಅವ್ವ. ಎಂಟು ದಿನ ಬಿಡದೆ ಮಳೆ ಹಿಡಿದಾಗಲೂ ಗೋಡೆ ಬೆಚ್ಚಗೇ ಇತ್ತು. ಇಮಾಮ್‌ಬೀ ದಿನಾ ಬೆಳಿಗ್ಗೆ ಬಂದು, ಕಾಲು ತೊಳೆದು, ಕೂಸನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಕಿವಿಯಿಟ್ಟು ಕೇಳುತ್ತಿದ್ದಳು. ಮೂರು ತಿಂಗಳು ತುಂಬಿದ ದಿನವೂ ಕೇಳಿದಳು. ಮೊದಲಿನ ಎರಡೂ ಕೂಸುಗಳು ಕಾಣದ ದಿನ ಅದು.

“ಏನ ಕೇಳಸಾಕತ್ತೈತೆ?” ಎಂದಳು ಜೋಗಮ್ಮ.

“ಏನೂ ಇಲ್ಲ ಯವ್ವಾ. ಹಸಿವ್ಯಾಗೈತಂತ, ಅಷ್ಟs.”

ಜೋಗಮ್ಮ ಸೊಸೆಯನ್ನು ಕೂಗಿದಳು. ಕೂಸನ್ನು ಇಮಾಮ್‌ಬೀಯ ತೊಡೆಯಿಂದ ಎತ್ತಿಕೊಳ್ಳಲು ಮಾತ್ರ ಅವಸರ ಮಾಡಲಿಲ್ಲ.