ಒಂದು ಚೀಲ ಎರೆಮಣ್ಣು

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಉದ್ದಕ್ಕೆ ಸೀಳಿತ್ತು. ಆ ಸೀಳಿನಲ್ಲಿ ಯಾವಾಗಲೂ ಕೆಂಪು ಮಣ್ಣು ಕೂತಿರುತ್ತಿತ್ತು. ಮುಂಗೈಗೆ ಹಸಿರು ಗಾಜಿನ ಬಳೆ, ತೋರುಬೆರಳ ಮೇಲೆ ಕುಡುಗೋಲು ತಾಕಿದ ಹಳೆಯ ಗಾಯದ ಗುರುತು. ಅವರು ಕಳಿಸುವ ಫೋಟೊಗಳಲ್ಲಿ ಅವರದೆಂದು ನಾನು ಕಂಡದ್ದು ಇಷ್ಟೇ. ಎಲೆ ಹಿಡಿದ ಕೈ, ಬೇರು ಎತ್ತಿ ತೋರಿಸುವ ಕೈ, ಬೀಜ ಹರವಿದ ಅಂಗೈ. ನಿಮ್ಮದೊಂದು ಫೋಟೊ ಕಳಿಸಿ ಅಕ್ಕ ಎಂದರೆ ನಗುತ್ತಿದ್ದರು. "ಮುಖಾ ಏನ್ ನೋಡ್ತೀರಿ, ಗಿಡಾ ನೋಡ್ರಿ" ಎನ್ನುತ್ತಿದ್ದರು.

ನಮಗೆ ರಕ್ತಸಂಬಂಧವಿಲ್ಲ, ನೆರೆಹೊರೆಯವರೂ ಅಲ್ಲ. ನಮ್ಮ ಜಿಲ್ಲೆಯ ಗಿಡದ ಹುಚ್ಚಿನವರೆಲ್ಲ ಸೇರಿ ಫೋನಿನಲ್ಲಿ ಕಟ್ಟಿಕೊಂಡ ಕೈತೋಟದ ಗುಂಪೊಂದಿದೆ. ಅಲ್ಲಿ ಸಿಕ್ಕವರು ಅವರು. ನಾನು ನವಲಗುಂದದವಳು, ಅವರು ಕಲಘಟಗಿ ಆಚೆಯ ತಂಬೂರಿನವರು. ಗುಂಪಿನಲ್ಲಿ ಎಲ್ಲರೂ ಅವರನ್ನು ತಂಬೂರಿನ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಆ ಗುಂಪಿನ ಬಗ್ಗೆ ಒಂದು ಮಾತು ಹೇಳಲೇಬೇಕು. ದೇವರ ಫೋಟೊ ಹಾಕಬಾರದು, ಶುಭೋದಯ ಹೇಳಬಾರದು ಎಂದು ನಿಯಮ. ಹಾಗಾಗಿ ದಿನಾ ಬೆಳಿಗ್ಗೆ ಇಬ್ಬರಾದರೂ ಹೂವಿನ ಮೇಲೆ ಶುಭೋದಯ ಬರೆದು ಕಳಿಸಿಯೇ ತೀರುತ್ತಾರೆ. ಒಂದು ಎಲೆ ಹಳದಿಯಾಯಿತು ಎಂದು ಕೇಳಿದರೆ ಸಾಕು, ಚಹಾದ ಚರಟ ಹಾಕಿ, ಮಜ್ಜಿಗೆ ಹಾಕಿ, ಇಂಗು ಕದಡಿ ಹಾಕಿ ಎಂದು ಔಷಧಗಳ ಮಳೆ. ಒಮ್ಮೆ ಯಾರೋ ಗುಲಾಬಿಯ ಬುಡಕ್ಕೆ ಮೊಟ್ಟೆಯ ಸಿಪ್ಪೆ ಹಾಕಿ ಎಂದದ್ದಕ್ಕೆ ವಾರವಿಡೀ ಜಗಳ ನಡೆದು ಕೆಲವರು ಸಿಟ್ಟಿನಿಂದ ಗುಂಪು ಬಿಟ್ಟರು. ಮರುವಾರ ಅವರೇ ತೆಪ್ಪಗೆ ಮರಳಿ ಬಂದು ತಮ್ಮ ದಾಸವಾಳದ ಫೋಟೊ ಹಾಕಿದರು. ನನಗೆ ಇಂಥವರೆಂದರೆ ಮೊದಲು ತಲೆಬೇನೆ, ಆಮೇಲೆ ಇವರಿಲ್ಲದೆ ದಿನ ಹೋಗದಂತಾಯಿತು.

ಇದಕ್ಕೆಲ್ಲ ಹೊತ್ತು ಎಲ್ಲಿ ಸಿಕ್ಕಿತು ಎಂದರೆ, ಬಸ್ಸಿನಲ್ಲಿ. ನಾನು ಹಳ್ಳಿಯೊಂದರ ಶಾಲೆಯಲ್ಲಿ ಕಲಿಸುತ್ತೇನೆ. ಬೆಳಿಗ್ಗೆ ರೊಟ್ಟಿ, ಡಬ್ಬಿ, ನೀರು ತುಂಬುವುದು. ಸಂಜೆ ಮಕ್ಕಳ ಅಭ್ಯಾಸ, ಮತ್ತೆ ರೊಟ್ಟಿ. ಮನೆಯಲ್ಲಿ ಫೋನು ಹಿಡಿದರೆ ಎಲ್ಲರಿಗೂ ಆಗಲೇ ನನ್ನಿಂದ ಏನಾದರೂ ಬೇಕಾಗುತ್ತದೆ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕರೆ ಮಾತ್ರ ನನ್ನನ್ನು ಯಾರೂ ಕೇಳುವವರಿಲ್ಲ. ಕಿವಿಗೆ ಫೋನು ಒತ್ತಿಕೊಂಡು ತಂಬೂರಿನ ಅಕ್ಕನ ದನಿ ಕೇಳುತ್ತ ಹೋಗುತ್ತಿದ್ದೆ. ಅವರಿಗೆ ಫೋನಿನಲ್ಲಿ ಬರೆಯಲು ಬರುತ್ತಿರಲಿಲ್ಲ. ಒತ್ತಿ ಹಿಡಿದು ಮಾತಾಡುವುದನ್ನು ಅವರ ಸೊಸೆ ಕಲಿಸಿಕೊಟ್ಟಿದ್ದಳು.

ಅವರ ಹೊತ್ತು ಮಧ್ಯಾಹ್ನದ್ದು. ಗಂಡಸರು ಉಂಡು ಅಡ್ಡಾದ ಮೇಲೆ, ಎಮ್ಮೆಗಳು ಮನೆಗೆ ಬರುವ ಮೊದಲು. ದನಿಯ ಹಿಂದೆ ಕೋಳಿ ಕೆದರುವುದು, ಯಾರೋ ಭಾಂಡೆ ಸರಿಸುವುದು, ಅವರ ಯಜಮಾನರ ಕೆಮ್ಮು ಎಲ್ಲಾ ಕೇಳುತ್ತಿತ್ತು. ಆ ಯಜಮಾನರಿಗೆ ಹೆಂಡತಿಯ ಹೊಸ ಚಟ ನಗೆಯ ವಿಷಯವಾಗಿತ್ತು. ಬಂದವರ ಮುಂದೆಲ್ಲ ನಮ್ಮಾಕಿ ಫೋನಿನಾಗ ಹೊಲಾ ಹರಗಾಕತ್ತಾಳ ಎಂದು ಹೇಳುತ್ತಿದ್ದರಂತೆ. ಅಕ್ಕ ಅದಕ್ಕೆ ಸೊಪ್ಪು ಹಾಕಿದವರಲ್ಲ. ಆ ಹೊತ್ತಿನಲ್ಲಿ ಚಹಾ ಕೇಳಿದರೆ ಮಾಡಿಕೊಳ್ಳಿ ಎಂದುಬಿಡುತ್ತಿದ್ದರು. ಒಮ್ಮೆ ನನಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಇಷ್ಟ ವರ್ಷ ಎಲ್ಲಾರ ಹೊತ್ತಿಗೆ ಎದ್ದೆ, ಎಲ್ಲಾರ ಹೊತ್ತಿಗೆ ಉಂಡೆ. ಇದೊಂದ ಹೊತ್ತು ನಂದು. ಇದನ್ನ ಯಾರಿಗೂ ಕೊಡಂಗಿಲ್ಲ."

ಅವರೊಂದಿಗೆ ನನ್ನ ಗೆಳೆತನ ಆದದ್ದು ಒಂದು ಮಲ್ಲಿಗೆಯಿಂದ. ನವಲಗುಂದದ ಕಪ್ಪು ಎರೆಮಣ್ಣು ಕುಂಡದಲ್ಲಿ ಹಾಕಿದರೆ ನೀರು ಬಿದ್ದಾಗ ಅಂಟು, ಒಣಗಿದಾಗ ಕಲ್ಲು. ಬೇರಿಗೆ ಉಸಿರಾಡಲು ಬಿಡುವುದಿಲ್ಲ. ನಾನು ತಂದ ಮಲ್ಲಿಗೆಗಳು ಒಂದಾದ ಮೇಲೊಂದು ಸೊರಗಿದವು. ಗುಂಪಿನಲ್ಲಿ ಕೇಳಿದ್ದಕ್ಕೆ ಎಂದಿನಂತೆ ಚಹಾ, ಮಜ್ಜಿಗೆ, ಇಂಗು ಬಂದವು. ಅಕ್ಕ ಮಾತ್ರ ಎಲೆಯ ಬೆನ್ನು ತೋರಿಸಿ ಎಂದರು. ಅವರು ಎಲೆಯ ಮುಂಭಾಗ ನೋಡುತ್ತಲೇ ಇರಲಿಲ್ಲ, ಮುಂಭಾಗ ಎಲ್ಲರಿಗೂ ನಗುತ್ತದೆ ಎನ್ನುತ್ತಿದ್ದರು. ಫೋಟೊ ನೋಡಿ, ಗಿಡಕ್ಕೆ ರೋಗವಿಲ್ಲ, ಮಣ್ಣು ಒಗ್ಗಿಲ್ಲ ಎಂದರು. ವಾರದೊಳಗೆ ಗುಂಪಿನಲ್ಲಿದ್ದ ಕಂಡಕ್ಟರಣ್ಣನ ಬಸ್ಸಿನಲ್ಲಿ, ಗೊಬ್ಬರದ ಚೀಲದಲ್ಲಿ ಅಕ್ಕ ಕಟ್ಟಿಕೊಟ್ಟ ಕೆಂಪು ಮಣ್ಣು ನವಲಗುಂದಕ್ಕೆ ಬಂದಿಳಿಯಿತು. ಆ ಬೇಸಿಗೆಯಲ್ಲಿ ನಮ್ಮ ಮನೆಯ ಮೆಟ್ಟಿಲ ಮೇಲೆ ದುಂಡುಮಲ್ಲಿಗೆ ಅರಳಿತು.

ಅದಾದ ಮೇಲೆ ಶಾಲೆಗೆ ನೆರಳಿನ ಸಸಿ ಬೇಕೆಂದು ಗುಂಪಿನಲ್ಲಿ ಬರೆದೆ. ಶಾಲೆ ತಿರ್ಲಾಪುರದ್ದು ಎಂದೂ ಬರೆದೆ. ನಾನು ಎಲ್ಲಿ ಕಲಿಸುತ್ತೇನೆ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಮರುಗಳಿಗೆಯಲ್ಲೇ ಅಕ್ಕನ ಕರೆ ಬಂತು. ಅವರು ನೇರವಾಗಿ ನನ್ನೊಂದಿಗೆ ಮಾತಾಡಿದ್ದು ಅದೇ ಮೊದಲು.

"ಯಾವ ತಿರ್ಲಾಪುರರಿ ಟೀಚರ್? ನಮ್ಮ ತಿರ್ಲಾಪುರ ಏನು?" ಎಂದರು. ನವಲಗುಂದ ತಾಲ್ಲೂಕಿನದು ಎಂದೆ.

ಅದು ಅವರ ತವರು. ಹುಡುಗಿಯಾಗಿದ್ದಾಗಲೇ ತಂಬೂರಿಗೆ ಕೊಟ್ಟಿದ್ದರು. ಅಪ್ಪ, ಅವ್ವ ಹೋದರು, ಇದ್ದ ಒಬ್ಬ ಅಣ್ಣನೂ ಮಕ್ಕಳಿಲ್ಲದೆ ಹೋದ. ಹೊಲ ಬೇರೆಯವರದಾಯಿತು, ಮನೆ ಬಿದ್ದ ಜಾಗದಲ್ಲಿ ಯಾರದೋ ಮನೆ ಎದ್ದಿತು. ನಾಗರ ಪಂಚಮಿಗೆ ಕರೆಯುವವರಿಲ್ಲದ ಮೇಲೆ ಆ ದಾರಿ ಹಿಡಿದಿರಲಿಲ್ಲ. ಇದನ್ನೆಲ್ಲ ಅಳುತ್ತ ಹೇಳಲಿಲ್ಲ, ಬೀಜ ಬಿತ್ತುವ ಕ್ರಮ ಹೇಳಿದಷ್ಟೇ ನೆಟ್ಟಗೆ ಹೇಳಿದರು. ಅಂದಿನಿಂದ ನಾನು ಟೀಚರ್ ಹೋಗಿ ತಂಗಿಯಾದೆ. ದಿನಾ ಊರಿನ ಸುದ್ದಿ ಕೇಳುವರು. ಹೊಲದಲ್ಲಿ ಈಗ ಏನಿದೆ, ಹತ್ತಿಯೋ ಕಡಲೆಯೋ, ಬಿರುಕು ಬಿಟ್ಟಿದೆಯೋ. ನಾನು ಬಸ್ಸಿನ ಕಿಟಕಿಯಿಂದ ಫೋಟೊ ತೆಗೆದು ಕಳಿಸುತ್ತಿದ್ದೆ. ಏನೂ ಇಲ್ಲದ ಕರಿ ನೆಲದ ಫೋಟೊ ಅವು, ನನಗೆ ಅದರಲ್ಲಿ ನೋಡುವಂಥದ್ದೇನೂ ಕಾಣುತ್ತಿರಲಿಲ್ಲ. ಅವರು ಮಾತ್ರ ಇನ್ನೊಂದು ಕಳಿಸು ಎನ್ನುತ್ತಿದ್ದರು.

ಒಂದು ದಿನ ಕೇಳಿದರು, ಒಂದು ಚೀಲ ಎರೆಮಣ್ಣು ಕಳಿಸುತ್ತೀಯಾ ಎಂದು. ಅವರ ಅಪ್ಪನದಾಗಿದ್ದ ಹೊಲದ್ದೇ ಆಗಬೇಕು. ಅದರಲ್ಲಿ ಕಡಲೆ ಹಾಕುತ್ತೇನೆ ಎಂದರು. ಕಡಲೆ ತಂಬೂರಿನ ಅಂಗಡಿಯಲ್ಲೂ ಸಿಗುತ್ತದಲ್ಲ ಅಕ್ಕ ಎಂದು ತಮಾಷೆ ಮಾಡಿದೆ.

"ಕಡ್ಲಿ ಸಿಗತದ ತಂಗಿ. ಕಡ್ಲಿ ಹುಳಿ ಸಿಗಂಗಿಲ್ಲ" ಎಂದರು.

ಚಳಿಗಾಲದ ಬೆಳಿಗ್ಗೆ ಇಬ್ಬನಿ ಬಿದ್ದ ಕಡಲೆ ಗಿಡದ ಮೇಲೆ ಕೈಯಾಡಿಸಿ ಬೆರಳು ನೆಕ್ಕಿದರೆ ಒಂದು ಹುಳಿ ಇರುತ್ತದೆ. ನಮ್ಮ ಕಡೆ ಹುಟ್ಟಿದ ಎಲ್ಲರಿಗೂ ಗೊತ್ತು. ಗಿಡಗಳ ಮೇಲೆ ಬಿಳಿ ಅರಿವೆ ಹಾಸಿ ಹುಳಿಯನ್ನು ಹಿಂಡಿ ಇಡುವವರೂ ಇದ್ದರು. ಅಕ್ಕನಿಗೆ ಆ ಹುಳಿ ಇನ್ನೊಮ್ಮೆ ನಾಲಿಗೆಗೆ ಬೇಕಿತ್ತು. ಅಷ್ಟೇ ಅವರ ಆಸೆ, ಆದರೆ ಅದಕ್ಕಿಂತ ದೊಡ್ಡದನ್ನು ಅವರು ಯಾರಲ್ಲೂ ಕೇಳಿದಂತೆ ನನಗೆ ಕಾಣಲಿಲ್ಲ. ಹೊಲದ ಈಗಿನ ಒಡೆಯ ನನ್ನನ್ನು ವಿಚಿತ್ರವಾಗಿ ನೋಡಿದ, ಮಣ್ಣಿಗೆ ಯಾರಾದರೂ ಅಪ್ಪಣೆ ಕೇಳುತ್ತಾರೇನ್ರಿ ಎಂದು ತಾನೇ ಸಲಿಕೆಯಿಂದ ತುಂಬಿಕೊಟ್ಟ. ಚೀಲ ಕಂಡಕ್ಟರಣ್ಣನ ಬಸ್ಸಿನಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ಬೇರೆ ಬಸ್ಸಿನಲ್ಲಿ ಕಲಘಟಗಿಗೆ ಹೋಯಿತು. ಮುಂದಿನ ಫೋಟೊದಲ್ಲಿ ಅಕ್ಕನ ಉಗುರಿನ ಸೀಳು ಕರ್ರಗಿತ್ತು.

ಒಡೆದ ಪ್ಲಾಸ್ಟಿಕ್ ಟಬ್ಬಿನಲ್ಲಿ ಕಡಲೆ ಹಾಕಿದರು. ಮೊಳಕೆ ಬಂದಾಗ ಗುಂಪಿಗೆ ಗುಂಪೇ ಸಂಭ್ರಮಿಸಿತು. ಶುಭೋದಯದವರು ಕೂಡ ಹೂವು ಬಿಟ್ಟು ಆ ಟಬ್ಬಿನ ಕ್ಷೇಮ ಕೇಳತೊಡಗಿದರು. ಗಿಡ ದಟ್ಟವಾಗಿ, ಮೆತ್ತಗೆ, ಕಣ್ಣು ತುಂಬುವಂತೆ ಬೆಳೆಯಿತು. ಆದರೆ ಇಬ್ಬನಿ ಬಿದ್ದರೂ ಹುಳಿ ಇಲ್ಲ. ಬರೀ ಎಲೆಯ ರುಚಿ. ಆಮೇಲೆ ಬುಡ ಕೊಳೆತು ಒಂದೊಂದೇ ಮಲಗಿದವು. ನಾನು ಕರೆ ಮಾಡಿ, ನೀರು ಎಷ್ಟು ಹಾಕುತ್ತೀರಿ ಎಂದು ಸುಮ್ಮನೆ ಕೇಳಿದೆ. ದಿನಾ ಮುಂಜಾನೆ ತಲೆಯ ಮೇಲಿಂದ ಒಂದು ತಂಬಿಗೆ ಎಂದು ಹೇಳುತ್ತ ಹೇಳುತ್ತ ಅವರಿಗೇ ಹೊಳೆಯಿತು.

"ಅಯ್ಯ, ನಮ್ಮ ಕಡೆ ಕಡ್ಲಿಗೆ ಯಾರ್ ನೀರ ಹಾಕತಿದ್ರು? ಬಿತ್ತಿ ಬಂದ್ರ ಮುಗೀತು, ಮಂಜಿನ ಮ್ಯಾಲ ಬೆಳೀತಿತ್ತು. ಮರತಬಿಟ್ಟೇನಿ ನೋಡ ತಂಗಿ. ನಾ ಪೂರಾ ತಂಬೂರಾಕಿ ಆಗಿಬಿಟ್ಟೇನಿ."

ನಗುತ್ತಲೇ ಹೇಳಿದರು. ಆದರೆ ಆಮೇಲೆ ಹಲವು ದಿನ ಮಧ್ಯಾಹ್ನದ ಆ ದನಿ ಬರಲಿಲ್ಲ. ಬಸ್ಸಿನಲ್ಲಿ ಫೋನು ತೆಗೆದು ನೋಡುವುದು, ಮತ್ತೆ ಚೀಲಕ್ಕೆ ಹಾಕುವುದು. ಗುಂಪಿನಲ್ಲಿ ಗುಲಾಬಿ ಇತ್ತು, ಸೇವಂತಿಗೆ ಇತ್ತು, ಜಗಳಗಳೂ ಇದ್ದವು. ನನಗೆ ಯಾವುದೂ ರುಚಿಸಲಿಲ್ಲ. ಒಂದು ದನಿಯನ್ನು ಇಷ್ಟು ಹಚ್ಚಿಕೊಂಡಿದ್ದೇನೆ ಎಂದು ಗೊತ್ತಾದದ್ದು ಆಗಲೇ.

ಮುಂದಿನ ವರ್ಷ ದಸರೆ ಕಳೆದು ಸೀಗಿ ಹುಣ್ಣಿಮೆ ಆದ ಮೇಲೆ ಮತ್ತೆ ಬಿತ್ತಿದರು. ಈ ಸಲ ಬಿತ್ತುವಾಗ ಒಮ್ಮೆ ನೀರು ಕೊಟ್ಟವರು ಆಮೇಲೆ ಒಂದು ಹನಿ ಹಾಕಲಿಲ್ಲ. ಮಳೆ ಬಂದರೆ ಟಬ್ಬನ್ನು ಪಡಸಾಲೆಗೆ ಎಳೆದುಕೊಳ್ಳುತ್ತಿದ್ದರು. ಮಣ್ಣು ಬಿರಿಯಿತು, ಗಿಡ ಗೇಣುದ್ದಕ್ಕಿಂತ ಮೇಲೇಳಲಿಲ್ಲ. ಅದನ್ನು ನೋಡಿ ಮರುಗಿದ ಯಜಮಾನರು ಹೆಂಡತಿಗೆ ಕಾಣದಂತೆ ತಂಬಿಗೆ ನೀರು ತಂದಿದ್ದಾರೆ. ಅಕ್ಕ ಅದೇ ಹೊತ್ತಿಗೆ ಗುಂಪಿಗೆ ಏನೋ ಹೇಳುತ್ತ ಫೋನು ಒತ್ತಿ ಹಿಡಿದಿದ್ದರು. ಆ ಗಂಡಹೆಂಡಿರ ಜಗಳವನ್ನು ಇಡೀ ಜಿಲ್ಲೆ ಕೇಳಿ ನಕ್ಕಿತು. ಯಜಮಾನರು ಅದರಲ್ಲಿ ಒಂದೇ ಮಾತು ಆಡಿದ್ದರು. ನೀರಡಿಸಿದ್ದಕ್ಕ ನೀರ ಕೊಡಬ್ಯಾಡ ಅಂತೀಯಲ್ಲ, ಎಂಥಾ ಊರು ನಿಮ್ಮದು ಎಂದಿದ್ದರು.

ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಫೋನು ಸದ್ದು ಮಾಡಿತು. ಅಕ್ಕನದು. ತಮ್ಮ ಹೊತ್ತು ಬಿಟ್ಟು ಅವರು ಎಂದೂ ಮಾತಾಡಿದವರಲ್ಲ, ಏನಾಯಿತೋ ಎಂದು ಹಿಟ್ಟಿನ ಕೈಯಲ್ಲೇ ಒತ್ತಿದೆ. ಮೊದಲು ಬರೀ ಉಸಿರು. ಆಮೇಲೆ ಪಕ್ಕದಲ್ಲಿ ಮಲಗಿದವರು ಏಳಬಾರದು ಎಂಬಷ್ಟು ಸಣ್ಣ ದನಿಯಲ್ಲಿ ಎರಡೇ ಮಾತು.

"ತಂಗಿ, ಹುಳಿ ಐತಿ."

ತವೆಯ ಮೇಲೆ ರೊಟ್ಟಿ ಕರಕಾಯಿತು. ಅದನ್ನೇ ನಾನು ಉಂಡು ಶಾಲೆಗೆ ಹೋದೆ. ಆ ಎರಡು ಮಾತನ್ನು ಬಸ್ಸಿನಲ್ಲಿ ಎಷ್ಟು ಸಲ ಕೇಳಿದೆನೋ.

ಕಡಲೆ ಗಿಡ ಕಾಯಿ ಕಟ್ಟುವ ಹೊತ್ತಿಗೆ ಅವರ ಸೊಸೆ ಗುಂಪಿನಲ್ಲಿ ಬರೆದಳು, ನಮ್ಮತ್ತಿಯವರು ನಿನ್ನೆ ತೀರಿಕೊಂಡರು ಎಂದು. ಎರಡು ದಿನದ ಎದೆನೋವು, ಅಷ್ಟೇ. ಕೈ ಮುಗಿದ ಚಿತ್ರಗಳು ಒಂದರ ಕೆಳಗೊಂದು ಬಂದವು. ನನಗೆ ಅಂಥದ್ದು ಕಳಿಸಲಾಗಲಿಲ್ಲ. ಮುಂದಿನ ರವಿವಾರ ಹುಬ್ಬಳ್ಳಿಗೆ, ಅಲ್ಲಿಂದ ಕಲಘಟಗಿಗೆ ಹೋಗಿ ತಂಬೂರಿನಲ್ಲಿ ಇಳಿದೆ.

ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಫೋಟೊ ಇಟ್ಟು ವಿಭೂತಿ ಹಚ್ಚಿದ್ದರು. ದಪ್ಪ ಕನ್ನಡಕ, ಅಗಲ ಹಣೆ, ತುಟಿ ಬಿಗಿದ ಗಂಭೀರ ಮುಖ. ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದು ನಗುವ ಮುಖ. ಆ ದನಿಯನ್ನು ಈ ಮುಖಕ್ಕೆ ಕೂಡಿಸಲು ಬಹಳ ಹೊತ್ತು ನೋಡುತ್ತ ನಿಂತೆ, ಕೂಡಲಿಲ್ಲ. ಆ ಮುಖ ಮಾತಾಡುವುದನ್ನು ಒಮ್ಮೆ ನೋಡಬೇಕಿತ್ತು, ಆ ಹಂಬಲ ಈಗಲೂ ಹೋಗಿಲ್ಲ.

ಸೊಸೆ ಹಿತ್ತಲಿಗೆ ಕರೆದುಕೊಂಡು ಹೋದಳು. ನನ್ನ ಕಣ್ಣು ಟಬ್ಬನ್ನು ಹುಡುಕಿತು. ಗೋಡೆಗೆ ಬೋರಲು ಒರಗಿಸಿದ್ದರು. ಮಣ್ಣಿಲ್ಲ, ಗಿಡವಿಲ್ಲ. ಕಡಲೆ ಕಿತ್ತಿರಾ ಎಂದು ಕೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು.

"ಮುತ್ತೈದಿ ಹೋದ್ರ ತವರವ್ರು ಬಂದು ಉಡಿ ತುಂಬಬೇಕಲ್ರಿ. ನಮ್ಮತ್ತಿಗೆ ತವರೊಳಗ ಯಾರೂ ಇದ್ದಿದ್ದಿಲ್ಲ. ಮಣ್ಣ ಮಾಡೂ ಮುಂದ ಕುಣಿಯಾಗ ಕುಂದ್ರಿಸಿದ ಮ್ಯಾಲ ನಮ್ಮ ಮಾವನವರು ಟಬ್ಬ ತರಿಸಿದ್ರು. ಇದು ಆಕಿ ತವರಿಂದು, ಇದನ್ನ ಉಡಿಯಾಗ ಹಾಕ್ರಿ ಅಂದ್ರು. ಗಿಡಾ ಮಣ್ಣ ಎಲ್ಲಾ ಹಾಕಿದ್ವಿ."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಅತ್ತುಬಿಟ್ಟೆ. ಅಷ್ಟರಲ್ಲಿ ಕೆಮ್ಮುತ್ತ ಯಜಮಾನರು ಬಾಗಿಲಿಗೆ ಬಂದರು. ಇವರು ಯಾರು ಎಂದು ಸೊಸೆಯನ್ನು ಕೇಳಿದರು. ತಿರ್ಲಾಪುರದಿಂದ ಮಣ್ಣು ಕಳಿಸಿದ ಟೀಚರ್ ಎಂದಳು. ಅವರು ನನ್ನನ್ನು ಒಂದು ಗಳಿಗೆ ನೋಡಿ, ಕೈ ಮುಗಿದು, ಅವಳ ಕಡೆ ತಿರುಗಿದರು.

"ತವರಮನಿಯವ್ರು ಬಂದಾರ. ಉಣಿಸದ ಕಳಸಬ್ಯಾಡ" ಎಂದರು.

ಸೊಸೆ ತಟ್ಟೆ ಹಾಕಿದಳು. ನಾನು ಆ ಮನೆಯಲ್ಲಿ ಕೂತು ಉಂಡು ಬಂದೆ.