ಬಿರುಕಿನ ಮೇಲಿನ ಗಾಜು

ಬನ್ನೂರು ಕಡೆಯ ಹಳೇ ನಾಲೆ ಸೇತುವೆಯ ಗೋಡೆ ಬಿರುಕು ಬಿಟ್ಟಿತ್ತು. ಇಲಾಖೆಯ ಇಂಜಿನಿಯರಾದ ನಾನು ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿದೆ. ಬಿರುಕು ಬೆಳೆದರೆ ಗಾಜು ಒಡೆಯುತ್ತೆ, ಪರೀಕ್ಷೆ ಅಷ್ಟೇ. ಪಕ್ಕದ ಟೀ ಅಂಗಡಿಯ ಮಾದಪ್ಪನವರಿಗೆ, "ಗಾಜಿನ ಮೇಲೆ ಒಂದು ಕಣ್ಣಿಟ್ಟಿರಿ" ಎಂದು ಹೇಳಿ ಬಂದೆ.

ಮಳೆಗಾಲ ಮುಗಿದ ಮೇಲೆ ಹೋದರೆ ಗಾಜು ಪಳಪಳ ಹೊಳೀತಿತ್ತು. ಸದ್ಯ, ಸೇತುವೆ ಅಲುಗಾಡಿಲ್ಲ ಅಂತ ಖುಷಿಯಾಗಿ ಟೀ ಹೇಳಿದೆ.

"ಒಡ್ದೋಗಿತ್ತು ಸಾ," ಅಂದರು ಮಾದಪ್ಪ. "ನೀವು ನಂಬಿ ಬುಟ್ಟೋಗಿದ್ರಲ್ಲ, ಅದ್ಕೇ ಒಸಾದು ಆಕ್ಸಿವ್ನಿ. ಎಲ್ಡು ಸತಿ!"

ಕಬ್ಬಿನ ಲಾರಿಗಳನ್ನು ಅವತ್ತೇ ನಿಲ್ಲಿಸಿದೆವು. ಈಗ ರಿಪೇರಿಯಾಗಿ ಸೇತುವೆ ಗಟ್ಟಿಮುಟ್ಟಾಗಿದೆ. ಆ ದಾರೀಲಿ ಹೋದಾಗಲೆಲ್ಲ ಮಾದಪ್ಪನವರ ಟೀ ಕುಡೀತೀನಿ. ನನಗೆ ಕೊಡೋ ಗಾಜಿನ ಲೋಟದ ಅಂಚು ಅವತ್ತಿನಿಂದಲೂ ಬಿರುಕು ಬಿಟ್ಟಿದೆ. ಅದನ್ನು ಬದಲಾಯಿಸಬೇಕು ಅಂತ ಮಾತ್ರ ಅವರಿಗೆ ಇನ್ನೂ ಅನ್ನಿಸಿಲ್ಲ.